ಮಂಡಿ ಬ್ರೇಸ್‌ಗೆ ಕೋಡ್ ಹಾಕುವುದು ಹೇಗೆ? ಕ್ಯಾಟಲಾಗ್ ಮುಚ್ಚಿಟ್ಟು ಶುರುಮಾಡಿ

ಬೆಂಗಳೂರಿನಲ್ಲಿ ಕೂತು ಅಮೆರಿಕದ ವೈದ್ಯಕೀಯ ವಿಮೆ ಕ್ಲೈಮ್‌ಗಳಿಗೆ ಕೋಡ್, ಅಂದರೆ ಚಿಕಿತ್ಸೆ, ಸಾಧನ, ಕಾಯಿಲೆಗಳ ಗುರುತು ಸಂಖ್ಯೆ, ಹಾಕುವವರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಸರ್ಜರಿ ಚಾರ್ಟ್‌ಗಳನ್ನು ನೀರು ಕುಡಿದಂತೆ ಮುಗಿಸುವ ಹುಡುಗರೂ ಮಂಡಿಗೆ ಆಸರೆಯಾಗಿ ಕಟ್ಟುವ ರೆಡಿಮೇಡ್ ಬ್ರೇಸ್ ಬಂದರೆ ಎಡವುತ್ತಾರೆ. ಎಡವುವ ಜಾಗವೂ ಪ್ರತಿ ಬ್ಯಾಚ್‌ನಲ್ಲಿ ಒಂದೇ. ಮೆಡಿಕೇರ್, ಅಂದರೆ ಮುಖ್ಯವಾಗಿ ಹಿರಿಯರಿಗಿರುವ ಅಮೆರಿಕ ಸರ್ಕಾರದ ಆರೋಗ್ಯ ವಿಮೆಯ ಕ್ಲೈಮನ್ನೇ ಎದುರಿಗಿಟ್ಟುಕೊಂಡು ಹೇಳುತ್ತೇನೆ.

ಹಂತ 1: ಅದು ಬ್ರೇಸ್ ಹೌದೇ ನೋಡಿ. ಗಟ್ಟಿ ಆಸರೆಯೇನೂ ಇಲ್ಲದ, ಬರೀ ಎಲಾಸ್ಟಿಕ್ ಸ್ಲೀವ್ ಆದರೆ ಕೋಡ್ ಎ4467. ಅದಕ್ಕೆ ಮೆಡಿಕೇರ್ ಕಾಸು ಬಿಚ್ಚುವುದಿಲ್ಲ.

ಹಂತ 2: ಎಲ್1832 ಅಥವಾ ಎಲ್1833? ಇಲ್ಲೇ ಎಲ್ಲರೂ ಬೀಳುವುದು. ಕೀಲನ್ನು ಹೊಂದಿಸಬಹುದಾದ, ಗಟ್ಟಿ ಆಸರೆಯ ಒಂದೇ ಬ್ರೇಸ್‌ಗೆ ಎರಡು ಕೋಡ್. ಡಬ್ಬ ಅದೇ, ಹಿಂಜ್ ಅದೇ. ಡಬ್ಬದಿಂದ ತೆಗೆದು ಕಟ್ಟಿದರೆ 1833. ಪರಿಣತರು ಆ ರೋಗಿಯ ಕಾಲಿಗೆಂದೇ ಕತ್ತರಿಸಿ, ಬಗ್ಗಿಸಿ, ಆಕಾರ ತಿದ್ದಿ ಕೂರಿಸಿದರೆ 1832. ಬೇರೆ ಬಗೆಯ ಮಂಡಿ ಬ್ರೇಸ್‌ಗಳ ಎಲ್1843–ಎಲ್1851, ಎಲ್1845–ಎಲ್1852 ಜೋಡಿಗಳಿಗೂ ಇದೇ ನ್ಯಾಯ.

ಮೊನ್ನೆ ಬಂದ ಚಾರ್ಟ್ ಹೀಗಿತ್ತು: ಸ್ಟ್ರಾಪ್ ಬಿಗಿ ಮಾಡಲಾಯಿತು, ಹಿಂಜ್ 0ಯಿಂದ 90 ಡಿಗ್ರಿಗೆ ಇಡಲಾಯಿತು, ರೋಗಿ ನಡೆದು ನೋಡಿದರು. ಕೆಳಗೆ ಸರ್ಟಿಫೈಡ್ ಆರ್ಥೋಟಿಸ್ಟ್, ಅಂದರೆ ಬ್ರೇಸ್ ಕೂರಿಸುವ ಪರಿಣತರ ಸಹಿ. ಸಹಿ ಕಂಡದ್ದೇ ತಡ, ನಮ್ಮ ಹುಡುಗ 1832 ಒತ್ತಿಬಿಟ್ಟ. ತಪ್ಪು. ಸ್ಟ್ರಾಪ್ ಎಳೆಯಲು ರೋಗಿಯ ಹೆಂಡತಿಗೂ ಬರುತ್ತದೆ. ರೋಗಿ, ಅವರನ್ನು ನೋಡಿಕೊಳ್ಳುವವರು, ಬ್ರೇಸ್ ಕೊಟ್ಟ ಸಪ್ಲೈಯರ್, ಇವರಲ್ಲಿ ಯಾರಾದರೂ ವಿಶೇಷ ತರಬೇತಿ ಇಲ್ಲದೆ ಮಾಡಬಲ್ಲ ಕೆಲಸಕ್ಕೆ ನಿಯಮದಲ್ಲಿ ಮಿನಿಮಲ್ ಸೆಲ್ಫ್ ಅಡ್ಜಸ್ಟ್‌ಮೆಂಟ್ ಎನ್ನುತ್ತಾರೆ. ಅದನ್ನು ಎಷ್ಟು ಓದಿದವರು ಮಾಡಿದರೂ ಕೋಡ್ 1833 ಅಷ್ಟೇ. ಪಿಂಡಿಗೆ ಒತ್ತುತ್ತಿದ್ದ ಶೆಲ್‌ನ ಅಂಚು ಕತ್ತರಿಸಿದೆ, ತೊಡೆಯ ಪಟ್ಟಿಯನ್ನು ಹೊರಕ್ಕೆ ಬಗ್ಗಿಸಿದೆ ಎಂದು ಪರಿಣತರೇ ಬರೆದಿದ್ದರೆ 1832ರ ಮಾತೆತ್ತಿ. ‘ಕಸ್ಟಮ್ ಫಿಟ್ ಮಾಡಲಾಗಿದೆ’ ಎಂಬ ರೆಡಿಮೇಡ್ ಸಾಲನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಬ್ರೇಸ್ ಕಂಪನಿಯ ಕ್ಯಾಟಲಾಗ್‌ನಲ್ಲಿ ಎರಡೂ ಕೋಡ್ ಅಚ್ಚಾಗಿರುತ್ತವೆ, ನಂಬಬೇಡಿ. ಮಾಡೆಲ್ ನಂಬರನ್ನು ಪಿಡಿಎಸಿ, ಅಂದರೆ ಮೆಡಿಕೇರ್ ಪರವಾಗಿ ಸಾಧನಗಳ ಕೋಡ್ ಪರಿಶೀಲಿಸುವ ಸಂಸ್ಥೆಯ ಪಟ್ಟಿಯಲ್ಲಿ ಹುಡುಕಿ. ನಾವು ಬಳಸುತ್ತಿದ್ದ ಒಂದು ಸಾಫ್ಟ್‌ವೇರ್ ‘ನೀ ಬ್ರೇಸ್’ ಎಂದು ಟೈಪಿಸಿದರೆ ತಾನೇ 1832 ತುಂಬುತ್ತಿತ್ತು. ಆ ಸೌಕರ್ಯವನ್ನು ಆಫ್ ಮಾಡಿಸಿದ ಮೇಲೇ ನನಗೆ ನಿದ್ದೆ ಹತ್ತಿದ್ದು.

ಹಂತ 3: ಬ್ರೇಸ್ ಯಾಕೆ ಬೇಕಾಯಿತು? ‘ಮಂಡಿ ನೋವು’ ಎಂದಷ್ಟೇ ಇದ್ದರೆ ಕ್ಲೈಮ್ ವಾಪಸ್. ಇತ್ತೀಚಿನ ಗಾಯವೋ ಆಪರೇಷನ್ನೋ ಇರಬೇಕು. ಇಲ್ಲವೇ ನಡೆದಾಡುವ ರೋಗಿಯ ಕೀಲು ಸಡಿಲವಾಗಿದೆ ಎಂದು ವೈದ್ಯರು ಪರೀಕ್ಷಿಸಿ, ಡ್ರಾಯರ್ ಟೆಸ್ಟ್ (ಕೀಲನ್ನು ಹಿಂದೆ ಮುಂದೆ ಎಳೆದು ನೋಡುವುದು) ಅಥವಾ ವೇರಸ್–ವ್ಯಾಲ್ಗಸ್ (ಪಕ್ಕಕ್ಕೆ ಒತ್ತಿ ನೋಡುವುದು) ಫಲಿತಾಂಶ ಬರೆದಿರಬೇಕು. ‘ಮಂಡಿ ಕುಸಿದ ಹಾಗಾಗುತ್ತದೆ’ ಎನ್ನುವುದು ರೋಗಿಯ ಮಾತು, ಪರೀಕ್ಷೆಯಲ್ಲ. ಚಾರ್ಟ್‌ನಲ್ಲಿಲ್ಲದ ಸಡಿಲತೆಗೆ ನೀವಾಗಿ ಎಂ23.51, ಅಂದರೆ ಬಲಮಂಡಿಯ ದೀರ್ಘಕಾಲದ ಅಸ್ಥಿರತೆಯ ಕೋಡ್, ಅಂಟಿಸಬೇಡಿ. ವೈದ್ಯರಿಗೆ ಕ್ವೆರಿ ಕಳಿಸಿ, ಕಾಯಿರಿ.

ಹಂತ 4: ಮಾಡಿಫೈಯರ್, ಅಂದರೆ ಕೋಡ್‌ನ ಹಿಂದೆ ಸೇರಿಸುವ ಎರಡಕ್ಷರದ ಬಾಲ. ಬಲಗಾಲಿಗೆ ಆರ್‌ಟಿ, ಎಡಗಾಲಿಗೆ ಎಲ್‌ಟಿ. ಎರಡೂ ಕಾಲಿಗಾದರೆ ಎರಡು ಸಾಲು, ಸಾಲಿಗೊಂದು ಯೂನಿಟ್. 2019ರ ಮಾರ್ಚ್‌ನಿಂದ ಒಂದೇ ಸಾಲಿನಲ್ಲಿ ತುರುಕುವಂತಿಲ್ಲ. ಕೆಎಕ್ಸ್ ಎಂದರೆ ಷರತ್ತುಗಳೆಲ್ಲ ಪೂರೈಸಿವೆ, ದಾಖಲೆ ಕೈಯಲ್ಲಿದೆ ಎಂದು ನೀವು ಕೊಡುವ ಮಾತು. ಹೊಸ್ತಿಲಿಗೆ ಇಡುವ ಕುಂಕುಮದ ಹಾಗೆ ಎಲ್ಲ ಕ್ಲೈಮ್‌ಗೂ ಹಚ್ಚುವುದಲ್ಲ.

ಹಂತ 5: ಪೂರ್ವಾನುಮತಿ. ಎಲ್1832, ಎಲ್1833, ಎಲ್1851ಕ್ಕೆ 2022ರಿಂದ ಇದು ಬೇಕು. ಬ್ರೇಸ್ ಬರೆದುಕೊಡುವ ಆರ್ಡರ್‌ಗೆ ಹಿಂದಿನ 6 ತಿಂಗಳೊಳಗೆ ವೈದ್ಯರು ರೋಗಿಯನ್ನು ನೋಡಿರಬೇಕು. ಅನುಮತಿಯೊಂದಿಗೆ ಬರುವ ಯುಟಿಎನ್ ಎಂಬ ಗುರುತು ಸಂಖ್ಯೆ ಕ್ಲೈಮ್ ಮೇಲೆ ಇರಬೇಕು. ಕಾಯಲಾಗದ ತುರ್ತಿಗೆ ಎಸ್‌ಟಿ ಮಾಡಿಫೈಯರ್ ಇದೆ, ಆದರೆ ಅದನ್ನು ಅಡ್ಡದಾರಿ ಮಾಡಿಕೊಂಡರೆ ಆಡಿಟ್‌ನಲ್ಲಿ ಬೆವರುತ್ತೀರಿ. ಇಷ್ಟೊಂದು ಕಟ್ಟುನಿಟ್ಟು ಯಾಕೆ ಎಂದು ಹುಡುಗರು ಗೊಣಗಿದಾಗ 2019ರ ಏಪ್ರಿಲ್‌ನ ‘ಆಪರೇಷನ್ ಬ್ರೇಸ್ ಯುವರ್‌ಸೆಲ್ಫ್’ ಕತೆ ಹೇಳುತ್ತೇನೆ. ರೋಗಿಯ ಮುಖವನ್ನೇ ನೋಡದೆ, ಫೋನ್‌ನಲ್ಲಿ ಎರಡು ಮಾತಾಡಿಯೋ ಆಡದೆಯೋ ಬ್ರೇಸ್ ಬರೆದುಕೊಟ್ಟ ಜಾಲ ಅದು. 24 ಜನರ ಮೇಲೆ ಆರೋಪ, 120 ಕೋಟಿ ಡಾಲರ್‌ಗೂ ಮಿಕ್ಕ ನಷ್ಟದ ಲೆಕ್ಕ.

ಹಂತ 6: ಡೆಲಿವರಿ ರಸೀದಿಯನ್ನೂ ಆರ್ಡರನ್ನೂ ಅಕ್ಕಪಕ್ಕ ಇಟ್ಟು ತಾರೀಕು ನೋಡಿ. ಬ್ರೇಸ್ ರೋಗಿಯ ಕೈಸೇರಿದ್ದು 11ಕ್ಕೆ, ಸಪ್ಲೈಯರ್‌ಗೆ ಸಹಿಯಾದ ಆರ್ಡರ್ ಸಿಕ್ಕಿದ್ದು 12ಕ್ಕೆ ಎಂದಿದ್ದರೆ ಆರ್ಡರ್ ಬರುವ ಮೊದಲೇ ಬ್ರೇಸ್ ಕೊಟ್ಟಂತಾಯಿತು, ಸಬ್‌ಮಿಟ್ ಬಟನ್‌ನಿಂದ ಕೈ ತೆಗೆಯಿರಿ.