ಗೇರ್ ಬೀಳುತ್ತಿಲ್ಲವೇ? ಗೇರ್ ಬಾಕ್ಸ್ ಬಿಚ್ಚಿಸುವ ಮೊದಲು ನೋಡಬೇಕಾದದ್ದು

ಗೇರ್ ಸಲೀಸಾಗಿ ಬೀಳುತ್ತಿಲ್ಲವೆಂದ ಕೂಡಲೇ ಗೇರ್ ಬಾಕ್ಸ್ ಇಳಿಸಲು ಒಪ್ಪಿಬಿಡಬೇಡಿ. ದೋಷವು ಕ್ಲಚ್‌ನಲ್ಲಿದೆಯೋ, ಲಿವರ್‌ನಿಂದ ಗೇರ್ ಬಾಕ್ಸ್‌ವರೆಗಿನ ಜೋಡಣೆಯಲ್ಲಿದೆಯೋ ಅಥವಾ ನಿಜಕ್ಕೂ ಒಳಗೇ ಇದೆಯೋ ಎಂಬುದನ್ನು ಒಂದು ಸ್ಪ್ಯಾನರನ್ನೂ ಮುಟ್ಟದೆ ಬಹುಮಟ್ಟಿಗೆ ಗುರುತಿಸಬಹುದು.

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ಆಫ್ ಮಾಡಿ, ಕ್ಲಚ್ ಪೆಡಲನ್ನು ಪೂರ್ತಿ ಒತ್ತಿ ಎಲ್ಲ ಗೇರ್‌ಗಳನ್ನೂ ಒಂದೊಂದಾಗಿ ಹಾಕಿ ನೋಡಿ. ಬಳಿಕ ಬ್ರೇಕ್ ಮೇಲೆ ಕಾಲಿಟ್ಟುಕೊಂಡು, ಎಂಜಿನ್ ಸ್ಟಾರ್ಟ್ ಮಾಡಿ ಅದನ್ನೇ ಮತ್ತೆ ಮಾಡಿ. ಆಫ್ ಇದ್ದಾಗ ಸುಲಭವಾಗಿ ಬಿದ್ದ ಗೇರ್ ಎಂಜಿನ್ ಓಡುವಾಗ ಮಾತ್ರ ಹಠ ಹಿಡಿದರೆ ಕ್ಲಚ್ ಪೂರ್ತಿಯಾಗಿ ಬಿಡುತ್ತಿಲ್ಲವೆಂದೇ ಮೊದಲು ಶಂಕಿಸಬೇಕು. ಪೆಡಲ್ ಒತ್ತಿದರೂ ಕ್ಲಚ್ ಪ್ಲೇಟ್, ಎಂಜಿನ್ ಜೊತೆ ತಿರುಗುವ ಚಕ್ರವಾದ ಫ್ಲೈವೀಲ್‌ನೊಂದಿಗೆ ತುಸು ತಿರುಗುತ್ತಲೇ ಇರುವುದರಿಂದ ಗೇರ್ ಬಾಕ್ಸ್‌ನ ಒಳ ಶಾಫ್ಟ್ ನಿಲ್ಲುವುದಿಲ್ಲ. ಇದನ್ನು ಖಚಿತಪಡಿಸಿಕೊಳ್ಳಲು ರಿವರ್ಸ್ ಗೇರ್ ನೆರವಾಗುತ್ತದೆ. ಹಲವು ಕಾರುಗಳಲ್ಲಿ ರಿವರ್ಸ್‌ಗೆ ಸಿಂಕ್ರೊನೈಸರ್ (ಗೇರ್ ಬೀಳುವ ಮೊದಲು ತಿರುಗುವ ಭಾಗಗಳ ವೇಗವನ್ನು ಸರಿಹೊಂದಿಸುವ ಭಾಗ) ಇರುವುದಿಲ್ಲವಾದ್ದರಿಂದ, ನ್ಯೂಟ್ರಲ್‌ನಲ್ಲಿ ಕ್ಲಚ್ ಒತ್ತಿ ನಾಲ್ಕೈದು ಸೆಕೆಂಡು ಕಾದ ಮೇಲೂ ಕರಕರ ಸದ್ದು ಬಂದರೆ ಕ್ಲಚ್ ಎಳೆಯುತ್ತಿದೆ, ಅಂದರೆ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಕಾಯದೆ ಹಾಕಿದಾಗ ಬರುವ ಸದ್ದಿಗೆ ಕಾರನ್ನು ದೂರುವಂತಿಲ್ಲ.

ಕ್ಲಚ್ ಎಂದು ತಿಳಿದರೆ ಮೊದಲು ಪೆಡಲ್ ಕೆಳಗಿನ ಮ್ಯಾಟ್ ನೋಡಿ. ಮಡಚಿಕೊಂಡ ಮ್ಯಾಟ್ ಪೆಡಲನ್ನು ಪೂರ್ತಿ ಇಳಿಯಗೊಡುವುದಿಲ್ಲ. ಮಾರುತಿ 800ರಂತಹ ಕೇಬಲ್ ಕ್ಲಚ್ ಇರುವ ಕಾರಿನಲ್ಲಿ ಕೇಬಲ್ ಸಡಿಲವಾಗಿದೆಯೇ, ಅದರ ಎಳೆಗಳು ಬಿಚ್ಚಿವೆಯೇ ಎಂದು ಪರಿಶೀಲಿಸಿ, ಪೆಡಲ್‌ನ ಪ್ಲೇಯನ್ನು (ಕ್ಲಚ್ ಕೆಲಸ ಶುರುವಾಗುವ ಮೊದಲಿನ ಖಾಲಿ ಚಲನೆಯನ್ನು) ಕೈಪಿಡಿಯಲ್ಲಿರುವ ಅಳತೆಗೆ ಹೊಂದಿಸಬೇಕು. ಕೇಬಲ್ ಬದಲು ಫ್ಲೂಯಿಡ್ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಕ್ಲಚ್ ಆದರೆ ಪೆಡಲನ್ನು ಐದಾರು ಸಲ ಬೇಗಬೇಗ ಒತ್ತಿ ಗೇರ್ ಹಾಕಿ ನೋಡಿ. ಆಗ ಸುಲಭವಾಗಿ ಬಿದ್ದರೆ ಲೈನಿನಲ್ಲಿ ಗಾಳಿ ಸೇರಿದೆ ಅಥವಾ ಪೆಡಲ್ ಬಳಿಯ ಮಾಸ್ಟರ್ ಸಿಲಿಂಡರ್, ಗೇರ್ ಬಾಕ್ಸ್ ಬಳಿಯ ಸ್ಲೇವ್ ಸಿಲಿಂಡರ್‌ಗಳಲ್ಲೊಂದರ ಸೀಲ್ ಸವೆದಿದೆ. ಪೆಡಲ್‌ನ ಬುಡದಲ್ಲಾಗಲಿ ಗೇರ್ ಬಾಕ್ಸ್ ಪಕ್ಕದಲ್ಲಾಗಲಿ ಒದ್ದೆಯಿದ್ದರೆ ಸೋರಿಕೆಯ ಜಾಗವೂ ಸಿಕ್ಕಂತೆಯೇ. ಅನೇಕ ಕಾರುಗಳಲ್ಲಿ ಬ್ರೇಕ್‌ಗೂ ಕ್ಲಚ್‌ಗೂ ಒಂದೇ ಡಬ್ಬಿಯಿಂದ ಫ್ಲೂಯಿಡ್ ಹೋಗುವುದರಿಂದ ಮಟ್ಟ ಇಳಿದಿದ್ದರೆ ಆ ಕಾರನ್ನು ರಸ್ತೆಗಿಳಿಸಬಾರದು. ಆ ಡಬ್ಬಿಗೆ ಮುಚ್ಚಳದ ಮೇಲೆ ನಮೂದಿಸಿದ ದರ್ಜೆಯ ಬ್ರೇಕ್ ಫ್ಲೂಯಿಡ್ಡನ್ನೇ ಹಾಕಬೇಕು. ಎಂಜಿನ್ ಆಯಿಲ್ ಸೇರಿದರೆ ರಬ್ಬರ್ ಸೀಲ್‌ಗಳು ಉಬ್ಬಿ ಹಾಳಾಗುತ್ತವೆ. ಮಳೆಗಾಲವಿಡೀ ನಿಂತಿದ್ದ ಕಾರಿನಲ್ಲಿ ತುಕ್ಕಿನಿಂದ ಪ್ಲೇಟ್ ಫ್ಲೈವೀಲ್‌ಗೆ ಅಂಟಿಕೊಂಡಿರುವುದೂ ಉಂಟು.

ಎಂಜಿನ್ ಆಫ್ ಇದ್ದಾಗಲೂ ಲಿವರ್ ಬಿಗಿಯಾಗಿದ್ದರೆ ಗೇರ್ ಕೇಬಲ್ ಮತ್ತು ಅದರ ತುದಿಯ ಪ್ಲಾಸ್ಟಿಕ್ ಬುಷ್‌ಗಳತ್ತ ನೋಡಬೇಕು. ಒಬ್ಬರು ಲಿವರ್ ಆಡಿಸುವಾಗ ಇನ್ನೊಬ್ಬರು ಬಾನೆಟ್ ತೆಗೆದು ಗೇರ್ ಬಾಕ್ಸ್ ಕಡೆಯ ತುದಿಯೂ ಅಷ್ಟೇ ಚಲಿಸುತ್ತದೆಯೇ ಎಂದು ಗಮನಿಸಿದರೆ ಸಾಕು.

ಬೆಳಗಿನ ಚಳಿಯಲ್ಲಿ ಮಾತ್ರ ಬಿಗಿಯಿದ್ದು ಬಿಸಿಯಾದ ಮೇಲೆ ಸರಿಹೋಗುವ ಗೇರ್‌ಗೆ ಬಹಳ ಸಲ ಆಯಿಲ್ ಕಾರಣ. ಜಿಎಲ್-4 ದರ್ಜೆಯ ಗೇರ್ ಆಯಿಲ್ ಕೇಳುವ ಗೇರ್ ಬಾಕ್ಸ್‌ಗೆ, ಅಂಕಿ ದೊಡ್ಡದೆಂಬ ಕಾರಣಕ್ಕೆ ಜಿಎಲ್-5 ಸುರಿಯುವ ಅಭ್ಯಾಸ ಒಳ್ಳೆಯದಲ್ಲ. ಅದರಲ್ಲಿನ ಕೆಲವು ರಾಸಾಯನಿಕಗಳು ಹಿತ್ತಾಳೆಯ ಸಿಂಕ್ರೊ ರಿಂಗ್‌ಗಳಿಗೆ ಹಾನಿ ಮಾಡಬಲ್ಲವು.

ಉಳಿದೆಲ್ಲ ಸರಿಯಿದ್ದು ಓಡುವಾಗ ಒಂದೇ ಗೇರ್, ಅದರಲ್ಲೂ ಎರಡನೆಯದು ಮಾತ್ರ ಕಿರುಗುಟ್ಟಿದರೆ ಆ ಗೇರಿನ ಸಿಂಕ್ರೊ ರಿಂಗೇ ಸವೆದಿರುವ ಸಾಧ್ಯತೆ ಹೆಚ್ಚು. ಆಗ ಗೇರ್ ಬಾಕ್ಸ್ ಇಳಿಸುವುದು ಅನಿವಾರ್ಯ. ಹೇಗೂ ಆ ಕೂಲಿ ತೆರುವುದರಿಂದ, ಕ್ಲಚ್ ಪ್ಲೇಟ್ ಮತ್ತು ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಹಳೆಯದಾಗಿದ್ದರೆ ಅವನ್ನೂ ಅದೇ ಕೆಲಸದಲ್ಲಿ ಬದಲಾಯಿಸಿಕೊಳ್ಳಿ.