ಮನೆ ಬದಲಾದರೆ ಓಟೂ ಬದಲಾಗಲಿ: ಮೈಸೂರಿಗೆ ಹೊಸದಾಗಿ ಬಂದವರಿಗೆ

ಮೈಸೂರಿಗೆ ಬಂದು ಮನೆ ಮಾಡಿದ ಮೇಲೆ ಗ್ಯಾಸ್ ವರ್ಗಾಯಿಸುತ್ತೀರಿ, ಮಕ್ಕಳನ್ನು ಶಾಲೆಗೆ ಸೇರಿಸುತ್ತೀರಿ, ಹಾಲಿನವರನ್ನು ಗೊತ್ತು ಮಾಡಿಕೊಳ್ಳುತ್ತೀರಿ. ಓಟು ಮಾತ್ರ ಹಳೇ ಊರಲ್ಲೇ ಉಳಿದುಬಿಡುತ್ತದೆ. ಕಲಬುರಗಿಯಿಂದ ಬಂದವರಿರಲಿ, ಬೆಂಗಳೂರಿನಿಂದ, ಮುಂಬೈಯಿಂದ ಬಂದವರಿರಲಿ, ಇದೇ ಕಥೆ. ಪಕ್ಕದ ಮಂಡ್ಯ ಕಡೆಯವರನ್ನಂತೂ ಕೇಳಲೇಬೇಡಿ. "ಪಂಚಾಯ್ತಿ ಎಲೆಕ್ಷನ್‌ಗೆ ಊರಿಗೆ ಹೋಗದಿದ್ದರೆ ದಾಯಾದಿಗಳು ಏನಂದುಕೊಳ್ತಾರೆ?" ಅನ್ನುತ್ತಾರೆ.

ಊರಿನ ನಂಟು ಬೇಡ ಎಂದು ಯಾರೂ ಹೇಳುತ್ತಿಲ್ಲ. ಆದರೆ ಬೀದಿದೀಪ, ಯುಜಿಡಿ (ಒಳಚರಂಡಿ), ಕಸದ ಗಾಡಿ ಇವೆಲ್ಲ ಬೇಕಾಗಿರುವುದು ನೀವು ಈಗ ಇರುವ ಬೀದಿಯಲ್ಲಿ. ಕಾನೂನೂ ಅದೇ ಹೇಳುತ್ತದೆ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ನೀವು ಸಾಮಾನ್ಯವಾಗಿ ಎಲ್ಲಿ ವಾಸ ಇರುತ್ತೀರೋ ಅಲ್ಲೇ ನಿಮ್ಮ ಹೆಸರು ಇರಬೇಕು. ಊರಲ್ಲಿ ತೋಟ, ಮನೆ ಇದೆ ಅನ್ನುವುದಷ್ಟೇ ಸಾಲದು. ಎರಡು ಕಡೆ ಹೆಸರು ಇಟ್ಟುಕೊಳ್ಳುವಂತಿಲ್ಲ. ಬೇರೆಲ್ಲೂ ಹೆಸರಿಲ್ಲ ಎಂದು ಸುಳ್ಳು ಬರೆದುಕೊಟ್ಟರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಎರಡೂ ಆಗಬಹುದು. ಓಟಿನ ದಿನ ಊರಿಗೆ ಕರೆದೊಯ್ಯಲು ಅಭ್ಯರ್ಥಿ ಕಡೆಯವರು ಕಳಿಸುವ ಪುಕ್ಕಟೆ ಗಾಡಿಯೂ ಚುನಾವಣಾ ಅಕ್ರಮವೇ. ಬಾಡೂಟದ ಮಾತು ಬಿಡಿ.

ಫಾರಂಗೆ ಕೈ ಹಾಕುವ ಮೊದಲು ಒಂದು ವಿಷಯ ಪತ್ತೆ ಮಾಡಿ. ನಿಮ್ಮ ಮನೆ ಯಾವ ಸ್ಥಳೀಯ ಸಂಸ್ಥೆಗೆ ಸೇರಿದೆ? ಪಿನ್‌ಕೋಡ್ ಮೈಸೂರಿನದು, ಹಾಗಾಗಿ ಪಾಲಿಕೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. 2018ರಲ್ಲಿ ಮಹಾನಗರ ಪಾಲಿಕೆಗೆ ಚುನಾವಣೆ ನಡೆದಾಗ ಇದ್ದದ್ದು 65 ವಾರ್ಡು. ಹೊಸ ಬಡಾವಣೆಗಳು ಬಹಳಷ್ಟು ಅದರ ಹೊರಗಿದ್ದವು. ಆಮೇಲೆ ಹೂಟಗಳ್ಳಿ ನಗರಸಭೆ ಆಯಿತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ಇವನ್ನೆಲ್ಲ ಸೇರಿಸಿಕೊಂಡು ಬೃಹತ್ ಮೈಸೂರು ಪಾಲಿಕೆ ಮಾಡುವ ಪ್ರಯತ್ನವೂ ಇದೆ. ಇನ್ನೂ ಆಚೆ ಹೋದರೆ ಗ್ರಾಮ ಪಂಚಾಯಿತಿ. ಆದ್ದರಿಂದ ಹಿಂದಿನ ಬಾಡಿಗೆದಾರರು ಹೇಳಿದ್ದನ್ನು ನಂಬಿಕೊಂಡು ಕೂರಬೇಡಿ. ಮನೆಯ ಈ ವರ್ಷದ ಕಂದಾಯದ ರಸೀದಿ ನೋಡಿ. ಮೇಲ್ಗಡೆ ಯಾವ ಕಚೇರಿಯ ಹೆಸರಿದೆಯೋ ಅದೇ ನಿಮ್ಮದು. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿ, ಫೋಟೋ ತೆಗೆದು ಕಳಿಸುತ್ತಾರೆ.

ಇನ್ನು ಲಿಸ್ಟ್ ವಿಚಾರ. ವಿಧಾನಸಭೆ, ಲೋಕಸಭೆ ಚುನಾವಣೆ ನಡೆಸುವುದು ಭಾರತ ಚುನಾವಣಾ ಆಯೋಗ. ಪಾಲಿಕೆ, ಪಂಚಾಯಿತಿ ಚುನಾವಣೆ ರಾಜ್ಯ ಚುನಾವಣಾ ಆಯೋಗದ್ದು. ಆದರೆ ನೀವು ಎರಡು ಸಲ ಅರ್ಜಿ ಹಾಕಬೇಕಿಲ್ಲ. ವಿಧಾನಸಭೆಯ ಮತದಾರರ ಪಟ್ಟಿಯನ್ನೇ ಹಿಡಿದು ವಾರ್ಡುವಾರು ಪಟ್ಟಿ ಮಾಡುತ್ತಾರೆ. ಮೂಲ ಪಟ್ಟಿಯಲ್ಲಿ ಹೆಸರಿಲ್ಲ ಅಂದರೆ ವಾರ್ಡಿನ ಪಟ್ಟಿಯಲ್ಲಿ ಎಲ್ಲಿಂದ ಬರಬೇಕು, ಅಲ್ವಾ?

ಇದುವರೆಗೆ ಎಲ್ಲೂ ಹೆಸರೇ ಇಲ್ಲದವರು ಫಾರಂ 6 ತುಂಬಬೇಕು. ಹಳೇ ಊರಲ್ಲಿ ಹೆಸರಿದ್ದು ಮನೆ ಬದಲಾಯಿಸಿದವರಿಗೆ ಫಾರಂ 8. ಇಲ್ಲೇ ಹೊಸಬರು ಜಾಸ್ತಿ ಎಡವುವುದು. ಮೈಸೂರಿಗೆ ಹೊಸಬರು ಎಂದು ಫಾರಂ 6 ಹಾಕಿಬಿಡುತ್ತಾರೆ, ಆಗ ಎರಡು ಕಡೆ ಹೆಸರಾಗುತ್ತದೆ. ಫಾರಂ 8ರಲ್ಲಿ ಹಳೇ ವೋಟರ್ ಐಡಿ ಸಂಖ್ಯೆ ಬರೆದು, ವಿಳಾಸ ಬದಲಾಗಿದೆ ಎಂದು ಗುರುತು ಹಾಕಿದರೆ ಸಾಕು. ಹಳೇ ಕಡೆಯಿಂದ ತೆಗೆಸಲು ಬೇರೆ ಅರ್ಜಿ ಬೇಡ. ಮದುವೆಯಾಗಿ ಗಂಡನ ಮನೆಗೆ ಬಂದ ಹೆಣ್ಣುಮಕ್ಕಳಿಗೂ ಇದೇ ಫಾರಂ. ಹೆಸರಿನ ಕಾಗುಣಿತ ತಪ್ಪಿದ್ದರೆ, ಕಾರ್ಡ್ ಕಳೆದಿದ್ದರೆ ಅದಕ್ಕೂ ಇದೇ.

ವಯಸ್ಸು 18 ತುಂಬಿರಬೇಕು. ಮೊದಲು ಜನವರಿ 1 ಒಂದೇ ಲೆಕ್ಕಕ್ಕಿತ್ತು. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1ನೇ ತಾರೀಖು, ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ. 17 ದಾಟಿದ ಮಕ್ಕಳು ಮುಂಚಿತವಾಗಿಯೇ ಅರ್ಜಿ ಕೊಟ್ಟಿಡಬಹುದು. ಹಾಸ್ಟೆಲ್‌ನಲ್ಲಿರುವ ವಿದ್ಯಾರ್ಥಿಗಳು ಊರಿನ ಮನೆ ಅಥವಾ ಹಾಸ್ಟೆಲ್, ಯಾವುದಾದರೂ ಒಂದನ್ನು ಆರಿಸಿಕೊಳ್ಳಬಹುದು. ಹಾಸ್ಟೆಲ್ ವಿಳಾಸ ಕೊಡುವುದಾದರೆ ಕಾಲೇಜಿನಿಂದ ಪತ್ರ ತರಬೇಕು.

ಕಾಗದಪತ್ರದ್ದೇ ಬಾಡಿಗೆದಾರರ ದೊಡ್ಡ ತಲೆನೋವು. ಸೆಸ್ಕ್‌ನ ಕರೆಂಟ್ ಬಿಲ್ಲು ಮಾಲೀಕರ ಹೆಸರಲ್ಲಿ, ನೀರಿನ ಬಿಲ್ಲೂ ಅವರದೇ ಹೆಸರಲ್ಲಿ. ಬಾಡಿಗೆ ಕರಾರು ನೋಂದಣಿ ಆಗಿದ್ದರೆ ನಡೆಯುತ್ತದೆ. ಆದರೆ ನಮ್ಮಲ್ಲಿ ಹೆಚ್ಚಿನವರದು ಸುಮ್ನೆ ಛಾಪಾ ಕಾಗದದ ಕರಾರು. ಹಾಗಾಗಿ ಮೊದಲು ಆಧಾರ್‌ನಲ್ಲೋ ಬ್ಯಾಂಕ್ ಪಾಸ್‌ಬುಕ್‌ನಲ್ಲೋ ಮೈಸೂರಿನ ವಿಳಾಸ ಹಾಕಿಸಿಕೊಳ್ಳಿ, ಆಮೇಲೆ ಅರ್ಜಿ ಕೊಡಿ. ಯಾವುದೂ ಇಲ್ಲವೆಂದರೂ ಬಾಗಿಲು ಮುಚ್ಚಿಲ್ಲ. ಬಿಎಲ್‌ಓ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ಮನೆಗೇ ಬಂದು ನೋಡಿ ಖಚಿತ ಮಾಡಿಕೊಳ್ಳುವ ಅವಕಾಶವಿದೆ. ಕೆಲವು ಮಾಲೀಕರು "ನಮ್ಮ ಮನೆ ವಿಳಾಸದಲ್ಲಿ ವೋಟರ್ ಐಡಿ ಬೇಡ" ಅನ್ನುತ್ತಾರೆ, ಮನೆ ಕೈತಪ್ಪೀತು ಎಂಬ ಹೆದರಿಕೆ. ಮತದಾರರ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಮನೆಯ ಮೇಲೆ ಯಾರಿಗೂ ಹಕ್ಕು ಬರುವುದಿಲ್ಲ ಎಂದು ಸಮಾಧಾನವಾಗಿ ತಿಳಿಸಿ ಹೇಳಿ.

ಅರ್ಜಿಯನ್ನು ಚುನಾವಣಾ ಆಯೋಗದ ಮತದಾರರ ಜಾಲತಾಣದಲ್ಲಿ ಅಥವಾ ಆಯೋಗದ ಆ್ಯಪ್‌ನಲ್ಲಿ ಹಾಕಬಹುದು. ಕಾಗದದ ಮೇಲೆ ತುಂಬಿ ಬಿಎಲ್‌ಓ ಕೈಗೂ ಕೊಡಬಹುದು.  ಬಿಎಲ್‌ಓ ಸಾಮಾನ್ಯವಾಗಿ ಶಾಲೆಯ ಮೇಷ್ಟ್ರು, ಇಲ್ಲವೇ ಅಂಗನವಾಡಿ ಕಾರ್ಯಕರ್ತೆ. ತಮ್ಮ ಕೆಲಸ ಮುಗಿಸಿಕೊಂಡು ಈ ಕೆಲಸವನ್ನೂ ಮಾಡುವವರು. ಬಂದಾಗ ಬಾಗಿಲಲ್ಲೇ ನಿಲ್ಲಿಸಿ "ಯಾರೂ ಇಲ್ಲ" ಎಂದು ಕಳಿಸಬೇಡಿ. ಆಮೇಲೆ ಅರ್ಜಿ ತಿರಸ್ಕಾರ ಆಯಿತೆಂದು ಬೇಸರ ಮಾಡಿಕೊಳ್ಳುವವರು ಇಂಥವರೇ. ನಿಮ್ಮ ಬಿಎಲ್‌ಓ ಯಾರೆಂದು ಗೊತ್ತಿಲ್ಲದಿದ್ದರೆ 1950ಕ್ಕೆ ಕರೆ ಮಾಡಿ.

ಚುನಾವಣೆ ಘೋಷಣೆ ಆಗಲಿ, ಆಮೇಲೆ ನೋಡೋಣ ಅನ್ನಬೇಡಿ. ಪಾಲಿಕೆಯ ಹಿಂದಿನ ಸದಸ್ಯರ ಅವಧಿ 2023ರ ನವೆಂಬರ್‌ನಲ್ಲಿ ಮುಗಿದು ಆಡಳಿತ ಅಧಿಕಾರಿಗಳ ಕೈಗೆ ಹೋಯಿತು. ಸ್ಥಳೀಯ ಚುನಾವಣೆ ತಡವಾಗುತ್ತಾ ಹೋಗುತ್ತದೆ, ಬಂದಾಗ ದಿಢೀರನೆ ಬರುತ್ತದೆ. ಅದಕ್ಕೆ ಮೊದಲು ವಾರ್ಡುವಾರು ಕರಡು ಪಟ್ಟಿ ಪ್ರಕಟ ಮಾಡಿ, ಆಕ್ಷೇಪಣೆಗೆ ಕೆಲವು ದಿನ ಕೊಡುತ್ತಾರೆ. ಆಗ ಹೋಗಿ ನೋಡಲೇಬೇಕು. ವಾರ್ಡಿನ ಅಂಚಿನ ಬೀದಿಗಳಲ್ಲಿ ಎದುರುಬದುರು ಮನೆಗಳು ಬೇರೆ ಬೇರೆ ವಾರ್ಡಿಗೆ ಸೇರಿರುತ್ತವೆ. ಗಂಡನ ಹೆಸರು ಒಂದು ವಾರ್ಡಿನಲ್ಲಿ, ಹೆಂಡತಿಯದು ಇನ್ನೊಂದರಲ್ಲಿ ಬಂದು ಕೂತಿರುವುದೂ ಉಂಟು. ಕೈಯಲ್ಲಿ ಕಾರ್ಡ್ ಇದ್ದ ಮಾತ್ರಕ್ಕೆ ಓಟು ಹಾಕಲು ಬಿಡುವುದಿಲ್ಲ. ಲಿಸ್ಟ್‌ನಲ್ಲಿ ಹೆಸರಿರಬೇಕು.

ಓಟಿನ ದಿನಕ್ಕೆ ಹೇಳುವುದು ಹೆಚ್ಚಿಲ್ಲ. ವೋಟರ್ ಐಡಿ ಒಯ್ಯಿರಿ. ಇಲ್ಲದಿದ್ದರೆ ಆಧಾರ್, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್‌ನಂಥ ಫೋಟೋ ಇರುವ ಗುರುತಿನ ಚೀಟಿ. ಪಕ್ಷದವರು ಬರೆದುಕೊಡುವ ಚೀಟಿ ನಿಮ್ಮ ಕ್ರಮಸಂಖ್ಯೆ ಹುಡುಕಲು ಅನುಕೂಲ, ಗುರುತಿಗೆ ನಡೆಯುವುದಿಲ್ಲ. ಫೋನ್ ಮನೆಯಲ್ಲೇ ಬಿಡಿ.

ಪಾಲಿಕೆಗೆ ನಿಮ್ಮ ವಾರ್ಡಿನಿಂದ ಒಬ್ಬರಿಗೆ ಒಂದು ಓಟು. 2018ರಲ್ಲಿ ಯಂತ್ರದ ಗುಂಡಿ ಒತ್ತಿದ್ದೆವು. ಮುಂದೆ ಸ್ಥಳೀಯ ಚುನಾವಣೆಗಳಲ್ಲಿ ಮತಪತ್ರ ಬಳಸುವಂತೆ ಆಯೋಗಕ್ಕೆ ಶಿಫಾರಸು ಮಾಡಲು ರಾಜ್ಯ ಸಂಪುಟ 2025ರಲ್ಲಿ ತೀರ್ಮಾನಿಸಿದೆ. ಹಾಗಾಗಿ ಎರಡಕ್ಕೂ ತಯಾರಿರಿ. ಮತಪತ್ರವಾದರೆ ಅವರು ಕೊಡುವ ಮುದ್ರೆಯನ್ನೇ ಒತ್ತಿ. ಸಹಿ, ಹೆಬ್ಬೆಟ್ಟು ಹಾಕಿದರೆ ಓಟು ಕುಲಗೆಡುತ್ತದೆ. ಮಡಿಸುವಾಗ ಶಾಯಿ ಬೇರೆ ಚಿಹ್ನೆಗೆ ಅಂಟದ ಹಾಗೆ ನೋಡಿಕೊಳ್ಳಿ. ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ಒಂದೇ ಕ್ಷೇತ್ರಕ್ಕೆ ಎರಡು ಮೂರು ಸ್ಥಾನ ಇದ್ದರೆ ಅಷ್ಟೂ ಓಟು ನಿಮಗಿರುತ್ತದೆ. ನಗರದಿಂದ ಬಂದವರು ಒಂದಕ್ಕೆ ಒತ್ತಿ ಹೊರಟುಬಿಡುತ್ತಾರೆ. ಎಷ್ಟು ಹಾಕಬೇಕೆಂದು ಒಳಗಿರುವ ಅಧಿಕಾರಿಯನ್ನು ಕೇಳಿ, ನಾಚಿಕೆ ಬೇಡ.

ಬೆರಳಿಗೆ ಹಾಕುವ ಶಾಯಿ ನಮ್ಮೂರಿನದೇ. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ ಶುರುವಾದ ಮೈಸೂರು ಬಣ್ಣ ಮತ್ತು ಅರಗು ಕಾರ್ಖಾನೆಯದು. 1962ರ ಚುನಾವಣೆಯಿಂದ ಇಡೀ ದೇಶಕ್ಕೆ ಇಲ್ಲಿಂದಲೇ ಹೋಗುತ್ತಿದೆ. ಹೊಸಬರು ಬನ್ನಿಮಂಟಪದ ಕಡೆ ಹೋದಾಗ ನೋಡಿ.

ಬೂತ್‌ಗೆ ಹೋದಾಗ ನಿಮ್ಮ ಹೆಸರಲ್ಲಿ ಆಗಲೇ ಯಾರೋ ಓಟು ಹಾಕಿದ್ದರೆ ಜಗಳ ಮಾಡಿ ವಾಪಸ್ ಬರಬೇಡಿ. ಮತಗಟ್ಟೆಯ ಅಧ್ಯಕ್ಷಾಧಿಕಾರಿಯ ಹತ್ತಿರ ಗುರುತು ತೋರಿಸಿ, ಟೆಂಡರ್ ಮತಪತ್ರ ಕೊಡಿ ಎಂದು ಕೇಳಿ. ಅದು ನಿಮ್ಮ ಹಕ್ಕು.

ಫಾರಂ ತುಂಬಲು ಕಷ್ಟವಾದರೆ, ಇದನ್ನು ಬರೆದ ನಮ್ಮ ಸಂಘಕ್ಕೆ ಬನ್ನಿ. ಯಾರಿಗೆ ಓಟು ಹಾಕಬೇಕೆಂದು ನಾವು ಹೇಳುವುದಿಲ್ಲ, ನೀವೂ ಕೇಳಬೇಡಿ. ಪಾಸ್‌ಪೋರ್ಟ್ ಅಳತೆಯ ಫೋಟೋ, ವಯಸ್ಸಿನ ಮತ್ತು ವಿಳಾಸದ ದಾಖಲೆ, ಹಳೇ ವೋಟರ್ ಐಡಿ ಇದ್ದರೆ ಅದು, ಇಷ್ಟು ತನ್ನಿ. ಓಟಿಪಿ ಬರುವ ಫೋನ್ ಮರೆಯಬೇಡಿ. ಅದನ್ನು ಮಗನ ಕೈಯಲ್ಲಿ ಬಿಟ್ಟು ಬಂದರೆ ಅರ್ಜಿ ಅರ್ಧದಲ್ಲೇ ನಿಲ್ಲುತ್ತದೆ.