ತತ್ಕಾಲ್ ಟಿಕೆಟ್ಟಿನ ದುಡ್ಡು ವಾಪಸ್ ಪಡೆದದ್ದು

ರೈಲು ತಡವಾಯಿತು, ಇನ್ನು ಹೋಗುವುದು ಬೇಡ ಅನ್ನಿಸಿದರೆ ಸಿಟ್ಟಿನಲ್ಲಿ ‘ಕ್ಯಾನ್ಸಲ್’ ಮಾತ್ರ ಒತ್ತಬೇಡಿ. ಕನ್ಫರ್ಮ್ ಆದ ತತ್ಕಾಲ್ ಟಿಕೆಟ್ ಕ್ಯಾನ್ಸಲ್ ಮಾಡಿದರೆ ಒಂದು ರೂಪಾಯಿಯೂ ಬರುವುದಿಲ್ಲ. ಒತ್ತಬೇಕಾದದ್ದು ‘ಫೈಲ್ ಟಿಡಿಆರ್’. ಟಿಡಿಆರ್ ಅಂದರೆ ಪ್ರಯಾಣ ಮಾಡದ ಟಿಕೆಟ್ಟಿನ ಹಣ ವಾಪಸ್ ಕೇಳುವ ಅರ್ಜಿ.

ಇದನ್ನು ನಾನು ದುಡ್ಡು ಕಳೆದುಕೊಂಡೇ ಕಲಿತೆ. ಹುಬ್ಬಳ್ಳಿಯಲ್ಲಿ ಮದುವೆ, ನಾಲ್ಕು ಜನಕ್ಕೆ ಸ್ಲೀಪರ್ ತತ್ಕಾಲ್ ಮಾಡಿಸಿದ್ದೆ. ತುಮಕೂರು ಸ್ಟೇಷನ್ನಿಗೆ ಬಂದರೆ ರೈಲು ನಾಲ್ಕು ಗಂಟೆ ತಡ. ಮುಹೂರ್ತ ತಪ್ಪುತ್ತದೆಂದು ಬಸ್ಸು ಹತ್ತಿದೆವು. ಮದುವೆ ಮುಗಿಸಿ ಊರಿಗೆ ಬಂದು, ಎರಡು ದಿನ ಬಿಟ್ಟು ಟಿಡಿಆರ್ ಹಾಕಿದೆ. ತಿರಸ್ಕೃತವಾಯಿತು. ರೈಲು ಮೂರು ಗಂಟೆಗಿಂತ ಹೆಚ್ಚು ತಡವಾಗಿ ನಾವು ಪ್ರಯಾಣ ಬಿಟ್ಟರೆ ಪೂರ್ತಿ ಹಣ ಕೊಡುತ್ತಾರೆ, ತತ್ಕಾಲ್‌ಗೂ ಕೊಡುತ್ತಾರೆ. ಆದರೆ ಆ ರೈಲು ನಮ್ಮ ಸ್ಟೇಷನ್ ಬಿಟ್ಟು ಹೊರಡುವ ಮೊದಲೇ ಅರ್ಜಿ ಹೋಗಿರಬೇಕು. “ಹೋಗ್ಲಿ ಬಿಡ್ರಿ” ಅಂದಳು ಹೆಂಡತಿ. ನನಗೆ ಬಿಡಲಾಗಲಿಲ್ಲ, ನಿಯಮ ಹುಡುಕಿ ಓದಿದೆ.

ಎರಡನೆಯ ಸಲ ದಾವಣಗೆರೆಗೆ, ಅಕ್ಕನ ಮನೆ ಗೃಹಪ್ರವೇಶ. ಜೊತೆಗೆ ಅಮ್ಮ. ಮಂಡಿನೋವು ಅಂತಲೇ ರೈಲು ಆರಿಸಿಕೊಂಡದ್ದು. ಮತ್ತೆ ತಡ. ಮೊಬೈಲಿನಲ್ಲಿ ಎರಡೂ ಮುಕ್ಕಾಲು ಗಂಟೆ ತಡ ಅಂತ ತೋರಿಸುತ್ತಿತ್ತು. ಆಗಲೇ ಹಾಕಲಿಲ್ಲ. ದಾರಿಯಲ್ಲಿ ಹತ್ತು ನಿಮಿಷ ಉಳಿಸಿಕೊಂಡರೂ ನಮ್ಮ ಲೆಕ್ಕ ತಪ್ಪುತ್ತದೆ. ಕೊನೆಗೆ ಯಶವಂತಪುರ ಬಿಟ್ಟಾಗ ಮೂರು ಗಂಟೆ ಇಪ್ಪತ್ತೈದು ನಿಮಿಷ ತಡವಾಗಿತ್ತು. ಅಲ್ಲಿಂದ ತುಮಕೂರಿಗೆ ಹೆಚ್ಚುಕಮ್ಮಿ ಒಂದು ಗಂಟೆ. ನಮಗಿರುವ ಸಮಯ ಅದೇ. ಬೆಂಚಿನ ಮೇಲೆ ಕೂತು ಐಆರ್‌ಸಿಟಿಸಿಯಲ್ಲಿ ಆ ಪಿಎನ್ಆರ್ ತೆಗೆದು, ಕಾರಣಗಳ ಪಟ್ಟಿಯಲ್ಲಿ ‘ರೈಲು ಮೂರು ಗಂಟೆಗಿಂತ ತಡ, ಪ್ರಯಾಣಿಸಿಲ್ಲ’ ಅನ್ನುವುದನ್ನು ಆರಿಸಿ, ಇಬ್ಬರ ಹೆಸರಿಗೂ ಗುರುತು ಹಾಕಿ ಕಳಿಸಿದೆ. ತಡ ತೋರಿಸುವ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಂಡೆ. “ದುಡ್ಡು ಕೊಡ್ತಾರೇನೋ?” ಅಂದರು ಅಮ್ಮ. “ಕೊಡ್ತಾರಮ್ಮ, ಈ ಸಲ ಟೈಮಿಗೆ ಹಾಕಿದೀನಿ” ಅಂದೆ. ಶಿರಾ, ಹಿರಿಯೂರು ಮೇಲೆ ಹೋಗುವ ಬಸ್ಸಿನಲ್ಲಿ ಮುಂದಿನ ಸೀಟು ಕೇಳಿ ಕೂರಿಸಿದೆ.

ಪಕ್ಕದಲ್ಲಿದ್ದ ಹಿರಿಯರೊಬ್ಬರದು ಕೌಂಟರ್ ಟಿಕೆಟ್. ಅದಕ್ಕೆ ಮೊಬೈಲ್ ಬೇಡ, ರೈಲು ಹೊರಡುವುದರೊಳಗೆ ಕೌಂಟರಿಗೇ ಟಿಕೆಟ್ ಒಪ್ಪಿಸಬೇಕು. ಅವರನ್ನು ಅಲ್ಲಿಗೆ ಕಳಿಸಿದೆ.

ನಮ್ಮೂರಿನವರು ಒಂದು ವಿಷಯ ಗಮನಿಸಬೇಕು. ಬೆಂಗಳೂರಿನಿಂದ ಟಿಕೆಟ್ ಮಾಡಿಸಿ, ಹತ್ತುವುದು ತುಮಕೂರು ಅಂತ ಹಾಕುವ ರೂಢಿ ನಮ್ಮಲ್ಲಿದೆ. ತತ್ಕಾಲ್‌ನಲ್ಲಿ ತಡದ ಲೆಕ್ಕ ಹಿಡಿಯುವುದು ಟಿಕೆಟ್ ಶುರುವಾಗುವ ಸ್ಟೇಷನ್ನಿನಲ್ಲಿ, ನಾವು ಹತ್ತುವ ಕಡೆ ಅಲ್ಲ. ಬೆಂಗಳೂರಿನಿಂದ ಹೊತ್ತಿಗೆ ಸರಿಯಾಗಿ ಹೊರಟ ರೈಲು ದಾರಿಯಲ್ಲಿ ನಿಂತುಬಿಟ್ಟರೆ ಈ ದಾರಿ ಮುಚ್ಚಿತು. ಹಾಗಾಗಿ ನಾನೀಗ ಸೀಟು ಇದ್ದರೆ ತುಮಕೂರಿನಿಂದಲೇ ತೆಗೆಯುತ್ತೇನೆ.

ರೈಲೇ ರದ್ದಾದರೆ ಇ-ಟಿಕೆಟ್ಟಿಗೆ ಏನೂ ಮಾಡಬೇಕಿಲ್ಲ, ಹಣ ತಾನಾಗಿ ಬರುತ್ತದೆ.

ನಮ್ಮದು ಬರಲು ಎರಡು ತಿಂಗಳು ಹಿಡಿಯಿತು. ನಾವು ನಿಜಕ್ಕೂ ಹತ್ತಲಿಲ್ಲವೇ ಎಂದು ರೈಲ್ವೆಯವರು ಪರಿಶೀಲಿಸಿದ ಮೇಲೇ ಕೊಡುವುದು. ಬುಕಿಂಗ್ ವೇಳೆ ಕಟ್ಟಿದ ಕನ್ವೀನಿಯನ್ಸ್ ಶುಲ್ಕ ಬಿಟ್ಟು, ತತ್ಕಾಲ್ ಶುಲ್ಕವೂ ಸೇರಿ ಇಬ್ಬರ ಹಣ ಪೂರ್ತಿ ಅದೇ ಖಾತೆಗೆ ಬಂತು. ಮೆಸೇಜನ್ನು ಅಮ್ಮನಿಗೆ ಓದಿ ಹೇಳಿದೆ.